‘ಇಂಡೊಮೆಥಾಸಿನ್‌ನಿಂದ ಗುಣವಿಲ್ಲ’ ಎಂದು ಬರೆದಿದ್ದ ಚೀಟಿ: ಸಿಂಧನೂರು ತಾಲ್ಲೂಕಿನ ಒಂದು ಪ್ರಕರಣ

ರೋಗಿ 43 ವರ್ಷದ ಹೆಣ್ಣುಮಗಳು, ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ಭತ್ತದ ನಾಟಿ, ಆಮೇಲೆ ಕಳೆ, ಕೊನೆಗೆ ಕೊಯ್ಲು. ವರ್ಷದ ಹೆಚ್ಚು ದಿನ ಕೂಲಿ. 14 ತಿಂಗಳಿಂದ ಬಲಗಣ್ಣಿನ ಹಿಂದೆ ಮತ್ತು ಬಲಗಡೆಯ ಕಪಾಲದಲ್ಲಿ (ಕಣತಲೆಯಲ್ಲಿ) ನೋವು. ಆಕೆಯ ಮಾತಿನಲ್ಲೇ ಹೇಳುವುದಾದರೆ, “ಕಣ್ಣಾಗ ಕಾಸಿದ ಸಳಿ ತಿವಿದಂಗ ಆಗತೈತ್ರಿ. ಕುಂದ್ರಾಕಾಗಂಗಿಲ್ಲ, ನಿಂದ್ರಾಕಾಗಂಗಿಲ್ಲ.” ಎಡಗಡೆಗೆ ಒಮ್ಮೆಯೂ ಬಂದಿಲ್ಲ. ನೋವು ಬಂದಾಗ ಬಲಗಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಬಲ ಮೂಗಿನ ಹೊಳ್ಳೆ ಕಟ್ಟುತ್ತದೆ, ರೆಪ್ಪೆ ಸ್ವಲ್ಪ ಇಳಿಯುತ್ತದೆ. ನಾಟಿ ಮಾಡುವಾಗ ಕುತ್ತಿಗೆ ಬಗ್ಗಿಸಿ ಬಹಳ ಹೊತ್ತು ಇದ್ದರೆ ನೋವು ಶುರುವಾಗುವುದೂ ಉಂಟು.

ಆಕೆ ತಂದ ಪ್ಲಾಸ್ಟಿಕ್ ಚೀಲದಲ್ಲಿ ಐದು ಕಡೆಯ ಚೀಟಿಗಳಿದ್ದವು. ಮೊದಲು ಹಲ್ಲು: ಬಲ ಮೇಲ್ದವಡೆಯ ಎರಡು ದವಡೆ ಹಲ್ಲು ಕೀಳಲಾಗಿದೆ. ನಂತರ ಸೈನಸ್: ಸಿ.ಟಿ. ಸ್ಕ್ಯಾನಿನಲ್ಲಿ ಒಳಪೊರೆ ಸ್ವಲ್ಪ ದಪ್ಪವಾಗಿ ಕಂಡದ್ದಕ್ಕೆ ಎರಡು ಸುತ್ತು ಆಂಟಿಬಯೋಟಿಕ್. ಬಳಿಕ ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದ ನೋವು) ಎಂದುಕೊಂಡು ಕಾರ್ಬಮಜೆಪಿನ್ 200 ಮಿ.ಗ್ರಾಂ ದಿನಕ್ಕೆ ಮೂರು ಸಲ. ನಿದ್ದೆ ಬಂತು, ನೋವು ಹೋಗಲಿಲ್ಲ. ಆಮೇಲೆ ಕ್ಲಸ್ಟರ್ ತಲೆನೋವು ಎಂದು ಸುಮಾಟ್ರಿಪ್ಟಾನ್ 50 ಮಿ.ಗ್ರಾಂ ಮಾತ್ರೆ, ವೆರಾಪಮಿಲ್ 80 ಮಿ.ಗ್ರಾಂ ಮೂರು ಹೊತ್ತು. ಇವುಗಳ ನಡುವೆ ಊರಲ್ಲೇ ಡೈಕ್ಲೊಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಇಂಜೆಕ್ಷನ್‌ಗಳು, ಅಂಗಡಿಯಿಂದ ದಿನಕ್ಕೆ ಎರಡು ಮೂರು ನೋವಿನ ಗುಳಿಗೆ. ಕಪಾಲದ ಮೇಲೆ ಹಳೆಯ ಬರೆಯ ಗುರುತೂ ಇತ್ತು.

ಕೊನೆಯ ಚೀಟಿಯಲ್ಲಿ ಒಂದು ಸಾಲು: ‘ಇಂಡೊಮೆಥಾಸಿನ್ ಕೊಟ್ಟು ನೋಡಲಾಗಿದೆ, ಗುಣವಿಲ್ಲ.’

ಇಂಡೊಮೆಥಾಸಿನ್ ಎಂದರೆ ಡೈಕ್ಲೊಫೆನಾಕ್ ಗುಂಪಿನದೇ ಒಂದು ನೋವಿನ ಔಷಧ. ಇಡೀ ಪ್ರಕರಣವನ್ನು ತಪ್ಪು ದಾರಿಗೆ ಹಚ್ಚಿದ್ದು ಆ ಒಂದು ಸಾಲು. ಚೀಲದ ತಳದಲ್ಲಿ ಆ ಔಷಧದ ಸ್ಟ್ರಿಪ್ ಕೂಡ ಸಿಕ್ಕಿತು. 25 ಮಿ.ಗ್ರಾಂನ ಹತ್ತು ಕ್ಯಾಪ್ಸೂಲ್‌ಗಳ ಸ್ಟ್ರಿಪ್; ಅದರಲ್ಲಿ ಐದು ಹಾಗೇ ಉಳಿದಿದ್ದವು. ‘ದಿನಕ್ಕೆ ಎರಡು, ಊಟದ ನಂತರ’ ಎಂದು ಬರೆದುಕೊಡಲಾಗಿತ್ತು. ನಾಟಿ ಕೂಲಿಗೆ ಹೋಗುವವರು ಬೆಳಗಿನ ಆರಕ್ಕೆ ಬರೀ ಚಹಾ ಕುಡಿದು ಹೊರಡುತ್ತಾರೆ. ರೊಟ್ಟಿ ಬುತ್ತಿ ಬಿಚ್ಚುವುದು ಹತ್ತರ ಮೇಲೆ. ಆಕೆ ಚಹಾದ ಜೊತೆ ಕ್ಯಾಪ್ಸೂಲ್ ನುಂಗಿದರು, ಎದೆ ಉರಿಯಿತು, ಎರಡು ಹೊತ್ತು ಬಿಟ್ಟರು, ನಾಲ್ಕನೇ ದಿನ ನಿಲ್ಲಿಸಿಯೇಬಿಟ್ಟರು. ನಾಲ್ಕು ದಿನದಲ್ಲಿ ಒಳಗೆ ಹೋದದ್ದು ಒಟ್ಟು 125 ಮಿ.ಗ್ರಾಂ. ಆಕೆಗೆ ಇದ್ದದ್ದು, ಆಮೇಲೆ ತಿಳಿದಂತೆ, ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂಬ ತಲೆನೋವು. ಈ ಕಾಯಿಲೆಗೆ ಒಂದೇ ದಿನಕ್ಕೆ ಬೇಕಾದ ಪರೀಕ್ಷಾ ಪ್ರಮಾಣ ಕನಿಷ್ಠ 150 ಮಿ.ಗ್ರಾಂ. ಹಾಗಾಗಿ ಔಷಧ ಸೋತಿತು ಎನ್ನುವುದು ಸರಿಯಲ್ಲ, ಅದನ್ನು ಕೊಟ್ಟೇ ಇರಲಿಲ್ಲ.

ಗಡಿಯಾರ ಹಿಡಿದು ಎಣಿಸಿದ್ದು

‘ಎಷ್ಟು ಹೊತ್ತು ಇರುತ್ತೆ?’ ಎಂದು ಕೇಳಿದರೆ ಬಹಳ ರೋಗಿಗಳು ‘ದಿನಾ ಪೂರ್ತಿ’ ಎನ್ನುತ್ತಾರೆ. ದಿನಕ್ಕೆ ಹನ್ನೆರಡು ಸಲ ಬಂದರೆ ಅವರಿಗೆ ಅದು ದಿನಾ ಪೂರ್ತಿಯೇ. ಹಿಂದಿನ ಐದೂ ಚೀಟಿಗಳಲ್ಲಿ ‘ತೀವ್ರ ತಲೆನೋವು, ಬಲಗಡೆ’ ಎಂದಿತ್ತು. ಒಂದರಲ್ಲೂ ನಿಮಿಷದ ಲೆಕ್ಕ ಇರಲಿಲ್ಲ.

ಪಿಯುಸಿ ಓದುತ್ತಿದ್ದ ಮಗಳಿಗೆ ಒಂದು ನೋಟುಬುಕ್ ಕೊಟ್ಟು ಮೂರು ದಿನ ಬರೆಯಲು ಹೇಳಲಾಯಿತು: ನೋವು ಶುರುವಾದ ಗಂಟೆ ನಿಮಿಷ, ನಿಂತ ಗಂಟೆ ನಿಮಿಷ, ಕಣ್ಣೀರು ಬಂತೋ ಇಲ್ಲವೋ, ಮೂಗು ಕಟ್ಟಿತೋ ಇಲ್ಲವೋ. ಒಮ್ಮೆಯಾದರೂ ಮೊಬೈಲಿನಲ್ಲಿ ಮುಖದ ವೀಡಿಯೊ ತೆಗೆಯಬೇಕು. ಆ ಹುಡುಗಿ ರಾತ್ರಿಯೂ ಎದ್ದು ಬರೆದಿದ್ದಳು. ಮೂರು ದಿನಕ್ಕೆ 13, 15, 13, ಒಟ್ಟು 41 ಸಲ. ಅತಿ ಚಿಕ್ಕದು 6 ನಿಮಿಷ, ಅತಿ ದೊಡ್ಡದು 22, ಹೆಚ್ಚಿನವು 10ರಿಂದ 15. ನಸುಕಿನ ಮೂರರಿಂದ ನಾಲ್ಕರ ನಡುವೆ ಪ್ರತಿ ರಾತ್ರಿ ಒಂದು.

ಒಂದೇ ಬದಿಗೆ ನೋವು ಬಂದು ಅದೇ ಬದಿಯ ಕಣ್ಣು, ಮೂಗು ಸೋರುವ ಕಾಯಿಲೆಗಳು ಒಂದು ಕುಟುಂಬ. ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರ ಕೆರಳಿದಾಗ ಮಿದುಳುಕಾಂಡದಲ್ಲಿ ಅದರ ಜೊತೆ ಹೆಣೆದುಕೊಂಡ, ಕಣ್ಣೀರು-ಮೂಗಿನ ಸ್ರಾವ ನಡೆಸುವ ಪ್ಯಾರಾಸಿಂಪಥೆಟಿಕ್ ನರಗಳೂ ಎಚ್ಚರಗೊಳ್ಳುತ್ತವೆ. ಅದಕ್ಕೇ ಕಣ್ಣೀರು, ಮೂಗು ಕಟ್ಟುವುದು. ಸೈನಸ್ ಎಂದು ತಪ್ಪು ತಿಳಿಯಲು ಕಾರಣವೂ ಇದೇ. ಕುಟುಂಬದೊಳಗೆ ಒಬ್ಬರನ್ನೊಬ್ಬರಿಂದ ಬೇರ್ಪಡಿಸಲು ನೋವಿನ ತೀವ್ರತೆ ಸಾಲದು, ಅವಧಿ ಮತ್ತು ಎಣಿಕೆ ಬೇಕು. ಕ್ಲಸ್ಟರ್ ಆದರೆ ಒಂದೊಂದು ಸಲ 15ರಿಂದ 180 ನಿಮಿಷ, ದಿನ ಬಿಟ್ಟು ದಿನಕ್ಕೊಂದರಿಂದ ದಿನಕ್ಕೆ ಎಂಟರವರೆಗೆ. ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಆದರೆ 2ರಿಂದ 30 ನಿಮಿಷ, ಹೆಚ್ಚಿನ ದಿನಗಳಲ್ಲಿ ಐದಕ್ಕಿಂತ ಹೆಚ್ಚು ಸಲ. ಸಂಕ್ಟ್ (SUNCT) ಎಂಬ ಅತಿ ಚುಟುಕು ಬಗೆ ಒಂದು ಸೆಕೆಂಡಿನಿಂದ 600 ಸೆಕೆಂಡಿನವರೆಗೆ, ದಿನಕ್ಕೆ ಹತ್ತಾರು ಸಲವೂ ಬರಬಹುದು. ಹೆಮಿಕ್ರೇನಿಯಾ ಕಂಟಿನ್ಯುವಾ ಮೂರು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಇದ್ದು ನಡುನಡುವೆ ಏರುತ್ತದೆ. ಈ ಕುಟುಂಬಕ್ಕೆ ಸೇರದ ಮೈಗ್ರೇನ್ ಚಿಕಿತ್ಸೆಯಿಲ್ಲದೆ 4ರಿಂದ 72 ಗಂಟೆ ಇರುತ್ತದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾದ ಮಿಂಚು ಎರಡು ನಿಮಿಷ ದಾಟುವುದಿಲ್ಲ, ಹೆಚ್ಚಾಗಿ ಕೆನ್ನೆ-ದವಡೆಗೆ ಹೊಡೆಯುತ್ತದೆ, ಮುಖ ಮುಟ್ಟಿದರೆ ಏಳುತ್ತದೆ.

ಮಗಳ ನೋಟುಬುಕ್ಕಿನ ಲೆಕ್ಕ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾದತ್ತ ನೇರವಾಗಿ ಬೊಟ್ಟುಮಾಡಿತು. ನಾರ್ವೆಯ ಒಟ್ಟಾರ್ ಸ್ಯೋಸ್ಟಾಡ್ ಮತ್ತು ಇಂಗೆ ಡಾಲೆ 1974ರಲ್ಲಿ ಮೊದಲು ವಿವರಿಸಿದ ಕಾಯಿಲೆ ಇದು. ಇಂಡೊಮೆಥಾಸಿನ್‌ಗೆ ಸಂಪೂರ್ಣವಾಗಿ ಮಣಿಯುವುದು ಇದರ ಲಕ್ಷಣದಲ್ಲೇ ಸೇರಿದೆ. ವರ್ಷದಲ್ಲಿ ಮೂರು ತಿಂಗಳ ಬಿಡುವೂ ಇಲ್ಲದ್ದರಿಂದ ಆಕೆಯದು ದೀರ್ಘಕಾಲಿಕ ಬಗೆ.

ಸಣ್ಣ ಅವಧಿಯ ನೋವಿನಲ್ಲಿ ಇನ್ನೊಂದು ಮೋಸ ಇದೆ. ಹನ್ನೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುವ ನೋವಿಗೆ ಏನು ಕೊಟ್ಟರೂ ‘ಗುಣ ಆಯ್ತು’ ಅನಿಸುತ್ತದೆ. ಇಂಜೆಕ್ಷನ್ ಹಾಕಿಸಿ ಮನೆ ಮುಟ್ಟುವಷ್ಟರಲ್ಲಿ ನೋವು ಇಲ್ಲ. ಗುಳಿಗೆ ನುಂಗಿ ಮಲಗುವಷ್ಟರಲ್ಲಿ ಇಲ್ಲ. ಸುಮಾಟ್ರಿಪ್ಟಾನ್ ಮಾತ್ರೆ ಕೆಲಸಕ್ಕಿಳಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ನೋವು ಮುಗಿದಿರುತ್ತದೆ. ಇದರಿಂದಲೇ ಆಕೆ 14 ತಿಂಗಳು ಇಂಜೆಕ್ಷನ್‌ಗೆ ಹಣ ಸುರಿದರು. ಈ ಕಾಯಿಲೆಯಲ್ಲಿ ‘ನೋವು ಹೋಯಿತೇ?’ ಎಂಬ ಪ್ರಶ್ನೆಗೆ ಬೆಲೆ ಇಲ್ಲ. ‘ಇವತ್ತು ಎಷ್ಟು ಸಲ?’ ಎಂದೇ ಕೇಳಬೇಕು.

ಕ್ಯಾಪ್ಸೂಲ್ ಶುರುಮಾಡುವ ಮೊದಲು

ತಪಾಸಣೆಯ ವೇಳೆಗೇ ಒಂದು ಸಲ ನೋವು ಬಂತು. ಟಾರ್ಚ್ ಬಿಟ್ಟು ನೋಡಿದಾಗ ಬಲಗಣ್ಣಿನ ಪಾಪೆ ಎಡಕ್ಕಿಂತ ಚಿಕ್ಕದಾಗಿತ್ತು, ರೆಪ್ಪೆ ಇಳಿದಿತ್ತು. ನೋವು ಇಳಿದ ಮೇಲೆ ಎರಡೂ ಸಮ. ಪಾಪೆ ಚಿಕ್ಕದಾಗಿಯೇ ಉಳಿದು ಹೊಸದಾಗಿ ಕುತ್ತಿಗೆ ನೋವೂ ಇದ್ದರೆ ಕುತ್ತಿಗೆಯ ಕ್ಯಾರೊಟಿಡ್ ರಕ್ತನಾಳದ ಒಳಪದರ ಸೀಳಿರಬಹುದು, ಅದು ತುರ್ತು. ಕಣ್ಣಿನ ಒತ್ತಡ ಅಳೆಸಲಾಯಿತು, ಸರಿಯಿತ್ತು. 50 ದಾಟಿದವರಲ್ಲಿ ಹೊಸದಾಗಿ ಕಪಾಲ ನೋವು ಬಂದರೆ ಇ.ಎಸ್.ಆರ್. ಎಂಬ ಉರಿಯೂತದ ರಕ್ತಪರೀಕ್ಷೆ ಬಿಡಬಾರದು. ಆಕೆಗೆ ಎಂ.ಆರ್.ಐ. ಕೂಡ ಮಾಡಿಸಲಾಯಿತು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮತ್ತು ಅದರ ಪಕ್ಕದ ಕ್ಯಾವರ್ನಸ್ ಸೈನಸ್ (ರಕ್ತದ ಕುಹರ, ಮೂಗಿನ ಸೈನಸ್ ಅಲ್ಲ) ಭಾಗವನ್ನು ಕಾಂಟ್ರಾಸ್ಟ್ ಹಾಕಿ ನೋಡಿರೆಂದು ಚೀಟಿಯಲ್ಲೇ ಬರೆದು. ಆ ಭಾಗದ ಗಡ್ಡೆಗಳು ಇದೇ ವೇಷದಲ್ಲಿ ಬರುತ್ತವೆ, ಮತ್ತು ಇಂಡೊಮೆಥಾಸಿನ್‌ಗೆ ನೋವು ಹೋದರೂ ಗಡ್ಡೆ ಇಲ್ಲವೆಂದು ಅರ್ಥವಲ್ಲ. ವರದಿಯಲ್ಲಿ ದೋಷವಿರಲಿಲ್ಲ.

ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ 0.8, ರಕ್ತದೊತ್ತಡ 128/82, ಹಿಮೋಗ್ಲೋಬಿನ್ 9.8. ಹಿಮೋಗ್ಲೋಬಿನ್ ಕಡಿಮೆ ಇದ್ದದ್ದು ಯೋಚನೆಗೆ ಹಚ್ಚಿತು: 14 ತಿಂಗಳ ನೋವಿನ ಗುಳಿಗೆಗಳಿಂದ ಹೊಟ್ಟೆಯಲ್ಲಿ ರಕ್ತ ಜಿನುಗುತ್ತಿದೆಯೇ? ಮಲ ಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲ. ಕಬ್ಬಿಣದ ಮಾತ್ರೆಯನ್ನು ಬೇಕೆಂದೇ ಎರಡು ವಾರ ತಡೆದು ಶುರುಮಾಡಲಾಯಿತು. ಅದು ಮಲವನ್ನು ಕಪ್ಪಾಗಿಸುತ್ತದೆ. ಹೊಟ್ಟೆಯ ರಕ್ತಸ್ರಾವವೂ ಕಪ್ಪಾಗಿಸುತ್ತದೆ. ಕಬ್ಬಿಣವನ್ನೂ ಇಂಡೊಮೆಥಾಸಿನ್ ಕ್ಯಾಪ್ಸೂಲನ್ನೂ ಒಟ್ಟಿಗೆ ಆರಂಭಿಸಿದರೆ ಮನೆಯವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಡಾಂಬರಿನಂತೆ ಅಂಟು, ಹೊಳಪು, ಕೆಟ್ಟ ವಾಸನೆ ಇದ್ದರೆ ಅದು ರಕ್ತ. ಕ್ಯಾಪ್ಸೂಲ್ ನಿಲ್ಲಿಸಿ ಕೂಡಲೇ ಬರಬೇಕೆಂದು ಮಗಳಿಗೂ ಹೇಳಲಾಯಿತು.

ನೋವಿನ ಗುಳಿಗೆಗಳಿಂದ ಉಬ್ಬಸ ಬಂದಿತ್ತೇ, ಹಿಂದೆ ಹೊಟ್ಟೆ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇತ್ತೇ ಎಂದು ಕೇಳಲಾಯಿತು, ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಳ್ಳಲಾಯಿತು. ಕಾರ್ಬಮಜೆಪಿನ್ ಮತ್ತು ವೆರಾಪಮಿಲ್ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಯಿತು. ಮೂರು ಔಷಧ ಒಟ್ಟಿಗೆ ಇದ್ದರೆ ಯಾವುದು ಕೆಲಸ ಮಾಡಿತೆಂದು ಹೇಳುವುದು ಹೇಗೆ? ಅಂಗಡಿಯ ಗುಳಿಗೆ, ಊರಿನ ಇಂಜೆಕ್ಷನ್ ಪೂರ್ತಿ ಬಂದ್. ಡೈಕ್ಲೊಫೆನಾಕ್ ಮೇಲೆ ಇಂಡೊಮೆಥಾಸಿನ್ ಸೇರಿದರೆ ಹೊಟ್ಟೆಗೂ ಕಿಡ್ನಿಗೂ ಇಮ್ಮಡಿ ಪೆಟ್ಟು. ಡೆಕ್ಸಾಮೆಥಾಸೋನ್ ಸೇರಿದರೆ ಹುಣ್ಣಿನ ಅಪಾಯ ಮತ್ತೂ ಹೆಚ್ಚು.

ಪ್ರಮಾಣ, ಹೊತ್ತು, ಎಣಿಕೆ

ಬೆಳಿಗ್ಗೆ ಏಳುತ್ತಲೇ ಖಾಲಿ ಹೊಟ್ಟೆಗೆ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಅರ್ಧ ಗಂಟೆಯ ನಂತರ, ಕೂಲಿಗೆ ಹೊರಡುವ ಮೊದಲು, ರಾತ್ರಿ ಉಳಿದ ರೊಟ್ಟಿ ಒಂದು ಮತ್ತು ಮೊಸರು. ಅದರ ಮೇಲೆ ಕ್ಯಾಪ್ಸೂಲ್. ಮಧ್ಯಾಹ್ನ ಎರಡಕ್ಕೆ ಬುತ್ತಿಯ ಜೊತೆ ಇನ್ನೊಂದು. ಸಂಜೆ ಊಟದ ಜೊತೆ ಮೂರನೆಯದು. ‘ಊಟದ ನಂತರ’ ಎಂದಷ್ಟೇ ಬರೆದರೆ ಸಾಲದು; ಯಾವ ಊಟ, ಎಷ್ಟು ಗಂಟೆಗೆ ಎಂದು ಕೇಳಿ ಬರೆಯಬೇಕು.

ಮೊದಲ ಮೂರು ದಿನ 25 ಮಿ.ಗ್ರಾಂ ಮೂರು ಹೊತ್ತು: 14, 11, 9 ಸಲ. ನಾಲ್ಕನೇ ದಿನದಿಂದ 50 ಮಿ.ಗ್ರಾಂ ಮೂರು ಹೊತ್ತು, ಅಂದರೆ 150. ಆ ದಿನ 4 ಸಲ. ಐದನೇ ದಿನ ನೋಟುಬುಕ್ಕಿನಲ್ಲಿ ಮಗಳು ಒಂದು ಸೊನ್ನೆ ಬರೆದು ಅದರ ಸುತ್ತ ಎರಡು ಗೆರೆ ಎಳೆದಿದ್ದಳು. ಆರು, ಏಳು: ಸೊನ್ನೆ.

ಇಲ್ಲಿ ಮಣಿಯದಿದ್ದರೆ 75 ಮಿ.ಗ್ರಾಂ ಮೂರು ಹೊತ್ತು, ಅಂದರೆ 225ರವರೆಗೆ ಏರಿಸಿ ಹತ್ತು ದಿನವಾದರೂ ನೋಡಬೇಕಿತ್ತು. ಅಷ್ಟಾದ ಮೇಲೂ ಎಣಿಕೆ ಇಳಿಯದಿದ್ದರೆ ಮಾತ್ರ ‘ಗುಣವಿಲ್ಲ’ ಎಂದು ಬರೆಯುವ ಹಕ್ಕು ಬರುತ್ತದೆ. ಬರೆಯುವಾಗ ಪ್ರಮಾಣವನ್ನೂ ದಿನಗಳನ್ನೂ ಸೇರಿಸಬೇಕು: ‘225 ಮಿ.ಗ್ರಾಂ, ಹತ್ತು ದಿನ, ಗುಣವಿಲ್ಲ.’ ಇಲ್ಲದಿದ್ದರೆ ಮುಂದಿನ ವೈದ್ಯರ ಕೈ ಕಟ್ಟಿಹಾಕಿದಂತೆ.

ಎಂಟನೇ ದಿನ ನಸುಕಿನ ಮೂರೂವರೆಗೆ ನೋವು ಮರಳಿತು. ಸಂಜೆ ಊಟ ಏಳಕ್ಕೇ ಮುಗಿದು ಕ್ಯಾಪ್ಸೂಲೂ ಆಗಲೇ ಆಗಿತ್ತು. ಈ ಔಷಧದ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ನಾಲ್ಕೂವರೆ ಗಂಟೆಯಷ್ಟು. ಏಳಕ್ಕೆ ನುಂಗಿದ್ದು ಮೂರರ ಹೊತ್ತಿಗೆ ಕಾಲುಭಾಗದ ಆಸುಪಾಸಿಗೆ ಇಳಿದಿರುತ್ತದೆ. ಮೂರನೆಯದನ್ನು ರಾತ್ರಿ ಹತ್ತಕ್ಕೆ, ಒಂದು ಲೋಟ ಹಾಲಿನ ಜೊತೆ ಎಂದು ಬದಲಿಸಿದ ಮೇಲೆ ನಸುಕಿನ ನೋವು ನಿಂತಿತು. ನಿಲ್ಲದಿದ್ದರೆ ರಾತ್ರಿಗೆ ನಿಧಾನವಾಗಿ ಬಿಡುಗಡೆಯಾಗುವ 75 ಮಿ.ಗ್ರಾಂ ಕ್ಯಾಪ್ಸೂಲ್ ಕೊಡಬಹುದಿತ್ತು.

ಹತ್ತನೇ ದಿನ ಮನೆಯವರು ಗಾಬರಿಯಿಂದ ಫೋನ್ ಮಾಡಿದರು: “ಮತ್ತ ತಲಿನೋವು ಚಾಲೂ ಆತ್ರಿ.” ವಿಚಾರಿಸಿದರೆ ಹಣೆಯ ಎರಡೂ ಕಡೆ ಭಾರ, ಬೆಳಿಗ್ಗೆ ಹೆಚ್ಚು, ಸ್ವಲ್ಪ ತಲೆಸುತ್ತು, ಕಣ್ಣೀರಿಲ್ಲ. ಇದು ಇಂಡೊಮೆಥಾಸಿನ್ ತಾನೇ ತರುವ ತಲೆನೋವು. ತಲೆನೋವಿಗೆ ಕೊಟ್ಟ ಔಷಧವೇ ತಲೆನೋವು ತರುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಈ ಔಷಧದಲ್ಲಿ ಇದು ಅಪರೂಪವಲ್ಲ. ಇಲ್ಲೇ ಹೆದರಿ ನಿಲ್ಲಿಸುವವರು ಬಹಳ. ಮೂರನೇ ವಾರದಿಂದ ಪ್ರಮಾಣ ಇಳಿಸುತ್ತ ಬಂದಾಗ ಆ ಭಾರವೂ ಹೋಯಿತು. ಐದು ದಿನಕ್ಕೊಮ್ಮೆ 25 ಮಿ.ಗ್ರಾಂ ಕಡಿಮೆ ಮಾಡಿ 75ಕ್ಕೆ ತರಲಾಯಿತು. 50ಕ್ಕೆ ಇಳಿಸಿದ ಎರಡನೇ ದಿನ ನೋವು ಮೂರು ಸಲ ಬಂತು. 25 ಮಿ.ಗ್ರಾಂ ಮೂರು ಹೊತ್ತು, ಅದೇ ಆಕೆಯ ನೆಲೆ.

ತಾಲ್ಲೂಕಿನ ಅಂಗಡಿಗಳಲ್ಲಿ ಈ ಕ್ಯಾಪ್ಸೂಲ್ ಯಾವಾಗಲೂ ಸಿಗುವುದಿಲ್ಲ, ಬರೆಯುವವರು ಕಡಿಮೆ. ಎರಡನೇ ತಿಂಗಳು ಅಂಗಡಿಯಲ್ಲಿ “ಇದೂ ನೋವಿಂದ ಐತಿ” ಎಂದು ಎಟೊರಿಕಾಕ್ಸಿಬ್ ಕೊಟ್ಟರು. ಮರುದಿನವೇ ಏಳು ಸಲ ನೋವು. ಹೆಸರಿಗೆ ಒಂದೇ ಗುಂಪಿನ ಗುಳಿಗೆಗಳಾದರೂ ಈ ಕಾಯಿಲೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ನಿಲ್ಲುವುದಿಲ್ಲ. ಅಂದಿನಿಂದ ಒಂದು ತಿಂಗಳ ದಾಸ್ತಾನು ಮನೆಯಲ್ಲಿ ಮೊದಲೇ ಇರುತ್ತದೆ.

ಏಪ್ರಿಲ್‌ನಲ್ಲಿ ಆದದ್ದು

ಆರು ತಿಂಗಳು ಸುಸೂತ್ರ. ಎರಡನೇ ಬೆಳೆಯ ಕೊಯ್ಲಿನ ಹೊತ್ತಿಗೆ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಆಕೆಗೆ ಎರಡು ದಿನ ವಾಂತಿ-ಭೇದಿಯಾಯಿತು. ‘ಕ್ಯಾಪ್ಸೂಲ್ ಬಿಟ್ಟರೆ ನೋವು ಬರುತ್ತೆ’ ಎಂಬ ಭಯಕ್ಕೆ ಬಿಡದೆ ನುಂಗಿದರು. ಮೂರನೇ ದಿನ ಬಂದಾಗ ಕ್ರಿಯಾಟಿನಿನ್ 1.4.

ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಸುವ ನಾಳಗಳನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು. ಇಂಡೊಮೆಥಾಸಿನ್ ತಡೆಯುವುದು ಅವನ್ನೇ. ನೀರು ತುಂಬಿದ ದೇಹಕ್ಕೆ ಇದು ಅಷ್ಟಾಗಿ ತಾಗುವುದಿಲ್ಲ. ಒಣಗಿದ ದೇಹಕ್ಕೆ ಕಿಡ್ನಿಯ ಬಾಗಿಲು ಮುಚ್ಚಿದಂತೆ. ರಕ್ತದೊತ್ತಡಕ್ಕೆ ‘ಪ್ರಿಲ್’ ಅಥವಾ ‘ಸಾರ್ಟಾನ್’ ಎಂದು ಕೊನೆಯಾಗುವ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಹೊಲದ ಕೂಲಿಯವರಿಗೆ ಈ ಔಷಧ ಕೊಡುವಾಗ ಮೊದಲ ದಿನವೇ ಹೇಳಬೇಕಾದ ಮಾತು ಇದು. ಆಕೆಗೆ ಹೇಳಿದ್ದು ಒಂದೇ ಸಲ, ಅಕ್ಟೋಬರ್‌ನಲ್ಲಿ. ಅದು ಸಾಲಲಿಲ್ಲ.

ಕ್ಯಾಪ್ಸೂಲ್ ನಿಲ್ಲಿಸಿ ಸಲೈನ್, ಓ.ಆರ್.ಎಸ್. ಕೊಡಲಾಯಿತು. ನಿರೀಕ್ಷೆಯಂತೆ ಮರುದಿನವೇ ನೋವು ಮರಳಿತು, 11 ಸಲ. ಕಿಡ್ನಿ ಸುಧಾರಿಸುವವರೆಗೆ ಸೇತುವೆಯಾಗಿ ಬಲಗಡೆಯ ಆಕ್ಸಿಪಿಟಲ್ ನರಕ್ಕೆ ಇಂಜೆಕ್ಷನ್: ತಲೆಯ ಹಿಂಬದಿಯ ಮೂಳೆಯ ಉಬ್ಬು ಮತ್ತು ಕಿವಿಯ ಹಿಂದಿನ ಮೂಳೆ, ಇವೆರಡರ ನಡುವಿನ ಗೆರೆಯಲ್ಲಿ ಒಳಗಿನ ಮೂರನೇ ಒಂದು ಭಾಗದ ಹತ್ತಿರ, ರಕ್ತನಾಳದ ಮಿಡಿತವನ್ನು ಬೆರಳಲ್ಲಿ ಗುರುತಿಸಿ ಅದರ ಪಕ್ಕಕ್ಕೆ, ಸಿರಿಂಜಿನ ದಂಡ ಹಿಂದಕ್ಕೆ ಎಳೆದು ರಕ್ತ ಬಾರದೆಂದು ನೋಡಿಕೊಂಡು, 2% ಲಿಗ್ನೊಕೇನ್ 2 ಮಿ.ಲೀ. ಮತ್ತು ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿ.ಗ್ರಾಂ. ಎಣಿಕೆ 5ಕ್ಕೆ ಇಳಿಯಿತು, ಸೊನ್ನೆಯಾಗಲಿಲ್ಲ. ಆರನೇ ದಿನ ಕ್ರಿಯಾಟಿನಿನ್ 0.9ಕ್ಕೆ ಬಂದ ಮೇಲೆ 25 ಮಿ.ಗ್ರಾಂ ಮೂರು ಹೊತ್ತು ಮತ್ತೆ ಆರಂಭ, ಎರಡು ದಿನಕ್ಕೆ ಸೊನ್ನೆ.

ಕಿಡ್ನಿ ಸುಧಾರಿಸದಿದ್ದರೆ? ಸೆಲೆಕಾಕ್ಸಿಬ್, ವೆರಾಪಮಿಲ್, ಟೊಪಿರಮೇಟ್ ಇವೆ. ಯಾವುದೂ ಇಂಡೊಮೆಥಾಸಿನ್‌ನಷ್ಟು ನೆಚ್ಚಬಹುದಾದದ್ದಲ್ಲ, ಸೆಲೆಕಾಕ್ಸಿಬ್ ಅಂತೂ ಕಿಡ್ನಿಗೆ ಇದರಷ್ಟೇ ಕಷ್ಟ.

ನೋಟುಬುಕ್ ಬೇರೆ ಲೆಕ್ಕ ಹೇಳಿದ್ದರೆ

ಒಂದೊಂದು ಸಲ ಒಂದು ಗಂಟೆ, ದಿನಕ್ಕೆ ಎರಡು ಮೂರು ಎಂದಿದ್ದರೆ ಅದು ಕ್ಲಸ್ಟರ್, ಮತ್ತು ಔಷಧ ಪೂರ್ತಿ ಬೇರೆ. ನೋವು ಬಂದಾಗ ಶುದ್ಧ ಆಮ್ಲಜನಕ ನಿಮಿಷಕ್ಕೆ 12ರಿಂದ 15 ಲೀಟರ್, ಚೀಲವಿರುವ ನಾನ್‌ರೀಬ್ರೀದರ್ ಮಾಸ್ಕಿನಲ್ಲಿ, ಕುಳಿತು, 15 ನಿಮಿಷ. ಕೋವಿಡ್ ಕಾಲದಲ್ಲಿ ಕೊಂಡ 5 ಲೀಟರ್ ಕಾನ್ಸಂಟ್ರೇಟರ್ ಇದಕ್ಕೆ ಆಗುವುದಿಲ್ಲ, ಹರಿವೂ ಸಾಲದು, ಶುದ್ಧತೆಯೂ ಸಾಲದು. ನಿಮಿಷಕ್ಕೆ 12 ಲೀಟರಿನಂತೆ ಒಂದು ಸಲಕ್ಕೆ 180 ಲೀಟರ್ ಬೇಕು. 1,500 ಲೀಟರ್ ಹಿಡಿಯುವ ಬಿ-ಟೈಪ್ ಸಿಲಿಂಡರ್ ಎಂಟು ಸಲಕ್ಕೆ ಬರುತ್ತದೆ. ಹತ್ತಿರ ಬೀಡಿ, ಒಲೆ ಇರಬಾರದು. ಸುಮಾಟ್ರಿಪ್ಟಾನ್ ಬೇಕಾದರೆ 6 ಮಿ.ಗ್ರಾಂ ಚರ್ಮದಡಿಯ ಇಂಜೆಕ್ಷನ್. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಬೇಡ. ನೋವು ಬಾರದಂತೆ ತಡೆಯಲು ವೆರಾಪಮಿಲ್ ದಿನಕ್ಕೆ 240ರಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ 80 ಏರಿಸುತ್ತ, ಪ್ರತಿ ಏರಿಕೆಗೂ ಇ.ಸಿ.ಜಿ. ನೋಡುತ್ತ. ಕ್ಲಸ್ಟರ್ ತಡೆಯಲೆಂದು ಲಿಥಿಯಂ ತೆಗೆದುಕೊಳ್ಳುತ್ತಿರುವವರಿಗೆ ಇಂಡೊಮೆಥಾಸಿನ್ ಸೇರಿಸಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಸೆಕೆಂಡುಗಳ ಲೆಕ್ಕದ ಸಂಕ್ಟ್ ಆಗಿದ್ದರೆ ಲ್ಯಾಮೊಟ್ರಿಜಿನ್, 25 ಮಿ.ಗ್ರಾಂನಿಂದ ವಾರಗಟ್ಟಲೆ ನಿಧಾನವಾಗಿ. ಮೈಮೇಲೆ ಗುಳ್ಳೆ ಎದ್ದರೆ ಅಂದೇ ನಿಲ್ಲಿಸಬೇಕು.

ಒಂಬತ್ತನೇ ತಿಂಗಳ ಭೇಟಿ: ಕ್ರಿಯಾಟಿನಿನ್ 0.9, ಹಿಮೋಗ್ಲೋಬಿನ್ 11.2, ರಕ್ತದೊತ್ತಡ 134/84. ಮೂರು ತಿಂಗಳಿಗೊಮ್ಮೆ ಈ ಮೂರನ್ನೂ ನೋಡಲಾಗುತ್ತಿದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ನೋಟುಬುಕ್ಕಿನ ಒಳರಟ್ಟಿನ ಮೇಲೆ ಮಗಳ ಕೈಯಲ್ಲೇ ಬರೆಸಲಾಗಿದೆ: ‘ವಾಂತಿ, ಭೇದಿ, ಜ್ವರ ಬಂದು ನೀರು ಕುಡಿಯೋಕೆ ಆಗದ ದಿನ ಕ್ಯಾಪ್ಸೂಲ್ ಬೇಡ, ಫೋನ್ ಮಾಡು. ಮೂತ್ರ ಗಾಢ ಹಳದಿ ಆದರೆ ಮಜ್ಜಿಗೆ, ಅಂಬಲಿ, ನೀರು. ಬೇರೆ ನೋವಿನ ಗುಳಿಗೆ ಬೇಡ.’ ಪ್ರಮಾಣ ಇಳಿಸುವ ಮುಂದಿನ ಪ್ರಯತ್ನವನ್ನು ನಾಟಿ ಮುಗಿದು ಕುತ್ತಿಗೆ ಬಗ್ಗಿಸುವ ಕೆಲಸ ಕಡಿಮೆಯಾಗುವ ಸೆಪ್ಟೆಂಬರ್‌ಗೆ ಇಟ್ಟುಕೊಳ್ಳಲಾಗಿದೆ.